ಸರಕು: ಬೇರೆ

ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಮೌಲಾಹುಸೇನ,
ಕೋಳಿ ತಂದ ಹಾಗೆ, ಬಗಲಲ್ಲಿ ಒತ್ತಿ ಹಿಡಿದು.
"ನೀಲವ್ವ, ಇದು ಸಾಯಬಾರ್ದು ನೋಡು.
ಹೊಸಾವಕ್ಕ ಈ ಒಂಬತ್ತು ಹಲ್ಲಿನ ಬಾಯಿ ಇಲ್ಲಂತ.
ತೂಕದ ಡಬ್ಬಿ ಇದರ ಕೂಡ ಅಷ್ಟ ಮಾತಾಡ್ತೈತಿ."

ಗಂಗಾವತಿ, ಸಿಂಧನೂರು ರಸ್ತೆ.
ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಧೂಳು
ನನ್ನ ಅಂಗಡಿಯ ಷಟರ್ ದಾಟಿ ಬಂದು ಕೂರುತ್ತದೆ.
ಹನ್ನೊಂದು ತಿರುಪು ಬಿಚ್ಚಿದೆ,
ಹನ್ನೆರಡನೆಯದು ಯಾವಾಗಲೋ ಕಳೆದಿತ್ತು.
ಫ್ಯಾನಿನ ರೆಕ್ಕೆಗಳ ನಡುವೆ ತೌಡು,
ಎಣ್ಣೆ ಹಿಡಿದು ರೊಟ್ಟಿಯಾಗಿ.
ಅದರೊಳಗೆ ಒಂದು ಭತ್ತ,
ಮೊಳೆಯದೆ, ಬೇಯದೆ,
ಇಷ್ಟು ವರ್ಷ ಸುಮ್ಮನೆ ಬೆಚ್ಚಗಿದ್ದದ್ದು.

ಒಂದು ಜಿಬಿ ರ‍್ಯಾಮು.
ಕೀಲಿಗಳಲ್ಲಿ ಎಲ್ಲಕ್ಕಿಂತ ಸವೆದದ್ದು ಸೊನ್ನೆ.
ಅಕ್ಷರಗಳು ಹೊಸದರಂತಿವೆ;
ತೂಕದ ಮನೆಯಲ್ಲಿ ಯಾರಿಗೆ ಏನು ಬರೆಯುವುದಿದೆ?

ಚಾಲೂ ಮಾಡಿದರೆ ಅದು ಹೇಳುವ ತಾರೀಖು ಒಂದೇ:
ಒಂದು, ಜನವರಿ, ಎರಡು ಸಾವಿರದ ಎಂಟು.
ಒಳಗಿನ ನಾಣ್ಯದಂಥ ಸೆಲ್ಲು ಸತ್ತು ಯಾವ ಕಾಲವಾಯಿತೋ,
ಕರೆಂಟು ಹೋದಾಗೊಮ್ಮೆ
ತಾನು ಹುಟ್ಟಿದ ದಿನಕ್ಕೆ ಓಡಿಹೋಗಿ
ಅಲ್ಲಿಂದ ಮತ್ತೆ ಎಣಿಸುತ್ತದೆ.
"ತಾರೀಖು ಪೆನ್ನಿಲೇ ತಿದ್ದತೀನಿ ಬಿಡು," ಅಂದ.
"ತೂಕ ಸುಳ್ಳಾಗಬಾರ್ದು."

ಪೆನ್‌ಡ್ರೈವ್ ಚುಚ್ಚಿದೆ. ಲಿನಕ್ಸ್ ಕೇಳಿತು,
ಸಂಕೋಚವಿಲ್ಲದ ಹೊಸ ಬಾಡಿಗೆದಾರನ ಹಾಗೆ:
ಇರುವುದನ್ನೆಲ್ಲ ಅಳಿಸಲೇ?
ತಡಿ ಅಂದೆ. ಒಮ್ಮೆ ಮನೆಯೆಲ್ಲ ನೋಡಿಯೇ ನಾನು ಅಳಿಸುವುದು.
ಹಿಂದೊಮ್ಮೆ ನೋಡದೆ ಅಳಿಸಿ
ಕಾರಟಗಿಯ ಫೋಟೋದವನ ಮೂರು ಮದುವೆ ಕಳೆದಿದ್ದೆ.

ಸಾಲು ಸಾಲು ಲಾರಿಗಳು.
ಭತ್ತ, ಅಕ್ಕಿ, ನುಚ್ಚು, ತೌಡು, ಉಮಿ.
ತುಂಬಿದ್ದು, ಖಾಲಿ, ನಿವ್ವಳ.
ನಡುವೆ ಎಲ್ಲೋ ನಂಬರಿಲ್ಲದ ಒಂದು ಗಾಡಿ.
ಸರಕು: ಬೇರೆ. ನಿವ್ವಳ: ಹತ್ತು ಕಿಲೋ.
ಸಾವಿರಾರು ಸಾಲು ಕೆಳಗೆ ಮತ್ತೆ,
ಬೇರೆ, ಹತ್ತು.
ಬೇರೆ, ಇಪ್ಪತ್ತು.
ಬೇರೆ, ಇಪ್ಪತ್ತು.
ಬೇರೆ, ಮೂವತ್ತು.
ಆ ಕಾಟಾದ ಗೇಣೇ ಹತ್ತು ಕಿಲೋ,
ನಡುವಿನದು ಅದಕ್ಕೆ ಕಾಣುವುದಿಲ್ಲ.

"ಏನಿದು ಕಾಕಾ, ಕಳ್ಳ ಅಕ್ಕಿಯೇನು?"
ಕಿವಿಯಲ್ಲಿದ್ದ ಬೀಡಿ ತೆಗೆದು, ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿದ.
"ಖಾಜಾಬನ್ನಿ. ನನ್ನ ಮಗಳು.
ಅಂಗನವಾಡಿಗೆ ಹೋಗೋವಾಗಿಂದ ವರ್ಷಾ,
ಸಾಲಿ ಸುರುವಾಗೋ ಹಿಂದಿನ ದಿನ,
ಲಾರಿ ಇಲ್ಲದ ಹೊತ್ತು ನೋಡಿ ನಿಂದ್ರಸ್ತಿದ್ದೆ,
ಅರವತ್ತು ಟನ್ನಿನ ಕಬ್ಬಿಣದ ಮ್ಯಾಲ, ನಟ್ಟ ನಡುವ, ಅಕಿ ಒಬ್ಬಾಕಿನ್ನ.
ಮೊದಲ ಡಬ್ಬಿ ಸೊನ್ನೆ ತೋರಸ್ತಿತ್ತು. ಅಕಿ ಜಿಗೀತಿದ್ಲು.
ಜಿಗಿದ್ರ ಹತ್ತು ಬರ್ತಿತ್ತು."

ಆಮೇಲೆ ತಾರೀಖಿನ ಮನೆ ನೋಡಿದೆ.
ಒಂದು ಜನವರಿ. ಒಂದು ಜನವರಿ. ಒಂದು ಜನವರಿ.
ಪೆನ್ನು ತಿದ್ದಿದ್ದು ಲಾರಿಯ ಚೀಟಿಗಳನ್ನು, ಇದಕ್ಕೆ ಚೀಟಿಯೇ ಇಲ್ಲ.
ಒಂದೇ ದಿನದಲ್ಲಿ ಹತ್ತಾಗಿ, ಮೂವತ್ತಾಗಿ, ನಲವತ್ತಾಗಿ
ಸಂಜೆಯೊಳಗೆ ಮಿಲ್ಲಿನ ಗೇಟು ದಾಟಿ ನಡೆದ ಹುಡುಗಿ.
"ಈಗ ಬಾ ಅಂದ್ರ ಬೈತಾಳ," ಅಂದ.

ಇಟ್ಟುಕೊಡು ಅಂತ ಅವನು ಕೇಳಲಿಲ್ಲ.
ನಕಲು ಮಾಡಿದೆ; ಇಡೀ ಕಡತ
ಒಂದು ಫೋಟೋದಷ್ಟೂ ತೂಗಲಿಲ್ಲ.
ಆಮೇಲೆ ಹೂಂ ಒತ್ತಿದೆ.
ಕರಿ ಪರದೆಯ ಮೇಲೆ ಬಿಳಿ ಸಾಲುಗಳು
ಕಣದಲ್ಲಿ ತೂರಿದ ಹೊಟ್ಟಿನ ಹಾಗೆ ಹಾರಿದವು,
ಎರಡು ಚಾ ಮುಗಿಯುವ ತನಕ.
ಹೊಸ ಸೆಲ್ಲಿಗೆ ಇಪ್ಪತ್ತೈದು ರೂಪಾಯಿ.
ಇವತ್ತು ಯಾವ ದಿನ ಅಂತ ಕೇಳಿತು, ಹೇಳಿದೆ.

ಮಿಲ್ಲಿಗೆ ಹೋಗಿ ಒಂಬತ್ತು ಹಲ್ಲು ಕೂಡಿಸಿದರೆ
ಮೊದಲು ಬರೀ ಬೊಗಳೆ: ಪ್ರಶ್ನೆಚಿಹ್ನೆ, ಚೌಕ, ನಕ್ಷತ್ರ.
ಡಬ್ಬಿ ಮಾತಾಡುವ ವೇಗ ಬೇರೆ, ಇದು ಕೇಳುವ ವೇಗ ಬೇರೆ.
ನಾಲ್ಕನೇ ಸಲಕ್ಕೆ ಸೊನ್ನೆ ಬಂತು,
ಸ್ವಚ್ಛ ಸೊನ್ನೆ.

ರಾತ್ರಿ ಕೂತು ನಾನೇ ಬರೆದ ಸರಕಿನ ಪಟ್ಟಿ ತೆರೆದು ತೋರಿಸಿದೆ.
ಭತ್ತ, ಅಕ್ಕಿ, ನುಚ್ಚು, ತೌಡು, ಉಮಿ.
ಅವನು ಕನ್ನಡಕ ಏರಿಸಿ ಬೆರಳಿಟ್ಟು ಓದಿದ.
ಹೊರಗೆ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು.
"ಒಂದು ಮರ್ತೀಯಲ್ಲ," ಅಂದ.